ಕ್ಯಾಮೆರಾ ಕೈಯಲ್ಲಿದೆ, ಹೋಗುವುದು ಎಲ್ಲಿಗೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಓದು ಅರ್ಧಕ್ಕೆ ಬಿಟ್ಟು ಫ್ರೀಲ್ಯಾನ್ಸ್ ಪತ್ರಿಕಾ ಛಾಯಾಗ್ರಹಣಕ್ಕೆ ಇಳಿದ ಯುವಕ ಯುವತಿಯರು, ಅವರ ಮನೆಯವರು ಬರೆದ ಪತ್ರಗಳನ್ನು ಈ ಬಾರಿ ಆರಿಸಿದ್ದೇವೆ. ಹೆಸರು ಬೇಡ ಎಂದವರ ಬೆಂಗಳೂರಿನ ಬಡಾವಣೆಯನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ಬಿ.ಕಾಂ. ಮೊದಲ ವರ್ಷಕ್ಕೇ ಬಿಟ್ಟೆ. ಈಗ ಇಪ್ಪತ್ತು ವರ್ಷ. ಚರ್ಚ್ ಸ್ಟ್ರೀಟ್, ಕೆ.ಆರ್. ಮಾರ್ಕೆಟ್, ಫ್ರೀಡಂ ಪಾರ್ಕ್ ಅಂತ ದಿನಾ ಸುತ್ತಿ ಫೋಟೊ ತೆಗೀತೀನಿ. ಹಾರ್ಡ್ ಡಿಸ್ಕ್ ತುಂಬಿದೆ. ಆದ್ರೆ ಇದೆಲ್ಲ ಯಾತಕ್ಕೆ ಅನ್ಸುತ್ತೆ. ಜೊತೆಯವರು ಡಿಗ್ರಿ ಮುಗಿಸ್ತಿದ್ದಾರೆ. ನನಗೊಂದು ಗುರಿ ಅಂತ ಹೇಗೆ ಸಿಗುತ್ತೆ? (ಶ್ರೀನಗರ)

ನಿಮ್ಮ ಪತ್ರದಲ್ಲಿ ಮೂರು ಜಾಗಗಳ ಹೆಸರಿದೆ, ಒಬ್ಬ ಮನುಷ್ಯನ ಹೆಸರೂ ಇಲ್ಲ. ತೊಡಕು ಇರುವುದು ಅಲ್ಲೇ. ಈ ವೃತ್ತಿಯಲ್ಲಿ ಗುರಿ ಮೊದಲು ಸಿಕ್ಕಿ ಆಮೇಲೆ ಕೆಲಸ ಶುರುವಾಗುವುದು ಅಪರೂಪ. ಒಂದೇ ವಿಷಯಕ್ಕೆ, ಅದೇ ಜನರ ಹತ್ತಿರಕ್ಕೆ ಮತ್ತೆ ಮತ್ತೆ ಹೋಗುತ್ತಾ ಇದ್ದಾಗ ‘ಇವರ ಪಾಡನ್ನು ಯಾರೂ ಸರಿಯಾಗಿ ತೋರಿಸಿಲ್ಲವಲ್ಲ’ ಎಂಬ ಸಂಕಟ ಹುಟ್ಟುತ್ತದೆ. ಮರುದಿನ ಬೆಳಿಗ್ಗೆ ನಿಮ್ಮನ್ನು ಹಾಸಿಗೆಯಿಂದ ಎಬ್ಬಿಸುವುದು ಆ ಸಂಕಟ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು, ಯುನಿಸೆಫ್‌ಗಾಗಿ ಮಕ್ಕಳ ಬದುಕನ್ನು ಚಿತ್ರಿಸಿದವರು. ಸಾಮಾನ್ಯ ಜನರ ದಿನನಿತ್ಯದ ಬಾಳನ್ನು ಅವರು ಕೊನೆಯವರೆಗೂ ಕೈಬಿಡಲಿಲ್ಲ.

ಆದ್ದರಿಂದ ಒಂದು ವಿಷಯ ಹಿಡಿಯಿರಿ, ಒಂದು ವರ್ಷ ಬಿಡಬೇಡಿ. ವಿಷಯ ಆರಿಸುವಾಗ ನೋಡಬೇಕಾದ್ದು ಇಷ್ಟೇ: ಮನೆಯಿಂದ ಒಂದೇ ಬಸ್ಸಿನಲ್ಲಿ ತಲುಪುವಂತಿರಬೇಕು, ವರ್ಷವಿಡೀ ನಡೆಯುವಂಥದ್ದಾಗಿರಬೇಕು, ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಬೇರೆ ಬೇರೆ ಮುಖ ತೋರಿಸಬೇಕು. ದೂರದ ವಿಷಯ ಹಿಡಿದವರು ಮಳೆ ಬಂದ ದಿನ, ಜೇಬು ಖಾಲಿಯಾದ ದಿನ ಹೋಗುವುದಿಲ್ಲ. ಎರಡು ತಿಂಗಳು ತಪ್ಪಿದರೆ ಮೂರನೇ ತಿಂಗಳು ಹೋಗಲು ಸಂಕೋಚವಾಗುತ್ತದೆ. ಅಲ್ಲಿಗೆ ಆ ಕೆಲಸ ಮುಗಿಯಿತು.

ಶ್ರೀನಗರದವರಿಗೆ ಕೆ.ಆರ್. ಮಾರುಕಟ್ಟೆ ಹತ್ತಿರ. ಆದರೆ ‘ಮಾರುಕಟ್ಟೆ’ ಎಂಬುದು ವಿಷಯವೇ ಅಲ್ಲ, ಅದೊಂದು ಜಾಗ. ಅಲ್ಲಿ ಹೂವಿನ ಮೂಟೆ ಹೊರುವ ಹಮಾಲರು ವಿಷಯವಾಗಬಹುದು. ಮೇಲಿನ ಅಂತಸ್ತಿಗೆ ಹತ್ತಿ ಕೆಳಗಿನ ಸೇವಂತಿಗೆ, ಚೆಂಡುಹೂವಿನ ರಾಶಿಯನ್ನು ತೆಗೆದ ಚಿತ್ರ ಬೆಂಗಳೂರಿನಲ್ಲಿ ಕ್ಯಾಮೆರಾ ಇರುವ ಎಲ್ಲರ ಹತ್ತಿರವೂ ಇದೆ. ಆ ಚಿತ್ರದಲ್ಲಿ ಬಣ್ಣ ಗೆಲ್ಲುತ್ತದೆ, ಮನುಷ್ಯ ಕಾಣೆಯಾಗುತ್ತಾನೆ. ಕೆಳಗಿಳಿಯಿರಿ. ಮೂಟೆ ಏರಿಸುವ ಮೊದಲು ಹಮಾಲ ಹೆಗಲ ಮೇಲಿನ ಟವೆಲ್ಲನ್ನು ಹುರಿ ಮಾಡಿ ಸುತ್ತಿ ಸಿಂಬೆ ಕಟ್ಟುತ್ತಾನೆ, ತಲೆಯ ಮೇಲಿಟ್ಟು ಅಂಗೈಯಿಂದ ಒತ್ತಿ ನೋಡುತ್ತಾನೆ, ಮೊಣಕಾಲು ತುಸು ಬಗ್ಗಿಸುತ್ತಾನೆ. ಆಗ ಇನ್ನಿಬ್ಬರು ಮೂಟೆ ಎತ್ತಿ ಇಡುತ್ತಾರೆ. ಮೂಟೆ ಕೂತ ಕ್ಷಣ ಕುತ್ತಿಗೆಯ ನರ ಎದ್ದು ಬರುತ್ತದೆ, ಒದ್ದೆ ಹೂವಿನ ನೀರು ಕಿವಿಯ ಹಿಂದಿನಿಂದ ಇಳಿಯುತ್ತದೆ. ಕೆಲವೇ ಸೆಕೆಂಡಿನ ಈ ಕೆಲಸದಲ್ಲಿ ಐದಾರು ಚಿತ್ರಗಳಿವೆ. ಅವು ಮೇಲಿನ ಅಂತಸ್ತಿಗೆ ಕಾಣುವುದಿಲ್ಲ.

ಮೊದಲ ಮೂರು ನಾಲ್ಕು ಸಲ ಹೋದಾಗ ಕ್ಯಾಮೆರಾ ಚೀಲದಲ್ಲೇ ಇರಲಿ. ಟೀ ಅಂಗಡಿಯ ಹತ್ತಿರ ನಿಂತು ಮಾತಾಡಿ: ಊರು ಯಾವುದು, ಮೂಟೆಗೆ ಎಷ್ಟು ಕೂಲಿ, ದಿನಕ್ಕೆ ಎಷ್ಟು ಮೂಟೆ, ಮೈಕೈ ನೋವಿಗೆ ಏನು ಮಾಡುತ್ತೀರಿ. ಉತ್ತರಗಳನ್ನು ಪುಟ್ಟ ನೋಟ್‌ಬುಕ್ಕಿನಲ್ಲಿ ದಿನಾಂಕದ ಸಮೇತ ಬರೆದಿಡಿ. ಮುಂದೆ ನಿಮ್ಮ ಚಿತ್ರಶೀರ್ಷಿಕೆಗೆ, ಲೇಖನಕ್ಕೆ ಇದೇ ಬಂಡವಾಳ. ಆಮೇಲೆ ವಾರಕ್ಕೆ ಎರಡು ನಸುಕು, ನಾಲ್ಕರಿಂದ ಏಳರವರೆಗೆ ಸಾಕು. ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಯ ಹಿಂದಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹಬ್ಬ ಮುಗಿದ ಮರುದಿನವೂ ತಪ್ಪದೆ ಹೋಗಿ. ಬೆಲೆ ಬಿದ್ದು ಹೂವು ತಿಪ್ಪೆ ಸೇರುವ ದಿನದ ಚಿತ್ರ ಬೇರೆ ಯಾರ ಹತ್ತಿರವೂ ಇರುವುದಿಲ್ಲ.

ತಾಂತ್ರಿಕವಾಗಿ ಅಲ್ಲಿ ಕೈಕೊಡುವುದು ಎಲ್‌ಇಡಿ ಬೆಳಕು. ನಮ್ಮ ವಿದ್ಯುತ್ತು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ ವೇಗ 1/250 ಸೆಕೆಂಡ್ ಇಟ್ಟು ತೆಗೆದರೆ ಚಿತ್ರದಲ್ಲಿ ಅಡ್ಡಪಟ್ಟೆ ಬೀಳಬಹುದು, ಒಂದು ಚಿತ್ರ ಕಪ್ಪು, ಮುಂದಿನದು ಬಿಳಿ ಆಗಬಹುದು. ನಿಂತ ಜನರಿಗೆ 1/100 ಇಡಿ. ನಡೆಯುವವರಿಗೆ 1/250 ಬೇಕೇ ಬೇಕು ಎನ್ನುವಾಗ ಕ್ಯಾಮೆರಾದಲ್ಲಿ ಈ ಮಿನುಗನ್ನು ತಪ್ಪಿಸುವ ಆ್ಯಂಟಿ-ಫ್ಲಿಕರ್ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಒಂದೇ ಕ್ಷಣಕ್ಕೆ ನಾಲ್ಕೈದು ಚಿತ್ರ ತೆಗೆದು ಒಳ್ಳೆಯದನ್ನು ಉಳಿಸಿಕೊಳ್ಳಿ. 35 ಎಂಎಂ ಲೆನ್ಸ್, ಅದರ ಕಿಂಡಿಯ ಅಳತೆ ಎಫ್/2, ಬೆಳಕಿನ ಸಂವೇದನೆ ಐಎಸ್‌ಒ 3200ರಿಂದ ಶುರು ಮಾಡಿ. ಫ್ಲ್ಯಾಶ್ ಬೇಡ. ಭಾರ ಹೊತ್ತವರ ಕಣ್ಣಿಗೆ ಬೆಳಕು ಹೊಡೆದರೆ ಹೆಜ್ಜೆ ತಪ್ಪುತ್ತದೆ.

ಎರಡು ತಿಂಗಳಾದ ಮೇಲೆ ನಲವತ್ತು ಚಿತ್ರಗಳನ್ನು ನಾಲ್ಕು-ಆರು ಇಂಚಿನ ಪ್ರಿಂಟ್ ಹಾಕಿಸಿ. ನೆಲದ ಮೇಲೆ ಹರಡಿ ಹನ್ನೆರಡಕ್ಕೆ ಇಳಿಸಿ. ಮೊಬೈಲಿನಲ್ಲಿ ಬೆರಳಾಡಿಸುತ್ತ ಈ ಕೆಲಸ ಮಾಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನೆಲದ ಮೇಲೆ ಹಾಸಿದಾಗ ಒಂದೇ ಬಗೆಯ ಹತ್ತು ಚಿತ್ರ ಇರುವುದು, ಇರಲೇಬೇಕಾದ್ದು ಇಲ್ಲದಿರುವುದು ಎರಡೂ ಗೊತ್ತಾಗುತ್ತವೆ. ಜಾಗ ಹೇಳುವ ಅಗಲ ಚಿತ್ರ, ಮುಖ, ಕೈಯ ವಿವರ, ಇಬ್ಬರ ನಡುವಿನ ವ್ಯವಹಾರ, ದುಡ್ಡು ಕೈ ಬದಲಾಯಿಸುವ ಗಳಿಗೆ, ದುಡಿಮೆ ಮುಗಿದ ಮೇಲಿನ ಮನೆ ಇದ್ದೇ ಇರಬೇಕು. ಸಾಮಾನ್ಯವಾಗಿ ಸಿಗದಿರುವುದು ಮನೆ. ಪ್ರಿಂಟ್‌ಗಳನ್ನು ಅದರಲ್ಲಿರುವವರಿಗೇ ಕೊಟ್ಟುಬಿಡಿ. ಹಾಗೆ ಕೊಟ್ಟ ಮೇಲೆ ‘ಮನೆಗೆ ಬಾಪ್ಪ’ ಎಂದು ಕರೆಯುವವರು ಹೆಚ್ಚು.

ಫ್ರೀಡಂ ಪಾರ್ಕ್ ಬಗ್ಗೆಯೂ ಒಂದು ಮಾತು. ನಗರದ ಪ್ರತಿಭಟನೆಗಳನ್ನು ಅಲ್ಲಿಗೇ ಸೀಮಿತಗೊಳಿಸಿದ ಮೇಲೆ ಚಿತ್ರಗಳೂ ಒಂದೇ ಥರ ಆಗಿವೆ: ವೇದಿಕೆ, ಬ್ಯಾನರ್, ಎತ್ತಿದ ಮುಷ್ಟಿ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಅಲ್ಲಿ ಹಗಲು ರಾತ್ರಿ ಕುಳಿತಿದ್ದರು. ಅಂಥ ಧರಣಿಗಳಲ್ಲಿ ಸುದ್ದಿ ಏಜೆನ್ಸಿಯವರು ಹೊರಟುಹೋದ ಮೇಲೆ, ರಾತ್ರಿ ಚಳಿಗೆ ಸೆರಗು ಹೊದ್ದು ಬ್ಯಾಗನ್ನೇ ದಿಂಬು ಮಾಡಿಕೊಂಡವರನ್ನು, ಬೆಳಗಿನ ಜಾವ ರೈಲಿನಿಂದ ಮೆಜೆಸ್ಟಿಕ್ಕಿನಲ್ಲಿ ಇಳಿಯುವವರನ್ನು ನೋಡುವುದು ಫ್ರೀಲ್ಯಾನ್ಸ್ ಕೆಲಸ. ನಿಮಗೆ ಡೆಡ್‌ಲೈನ್ ಇಲ್ಲದಿರುವುದೇ ಇಲ್ಲಿ ನಿಮ್ಮ ಅನುಕೂಲ.

ಇನ್ನು ಹೊಟ್ಟೆಪಾಡು. ಕನ್ನಡ ಪತ್ರಿಕೆಗಳ ಗೌರವಧನದಲ್ಲೇ ಬಾಡಿಗೆ ಕಟ್ಟುತ್ತೇನೆ ಎಂದು ಹೊರಟರೆ ಆರು ತಿಂಗಳಲ್ಲಿ ಕ್ಯಾಮೆರಾ ಮಾರಬೇಕಾಗುತ್ತದೆ. ಮದುವೆಗಳಿಗೆ ಎರಡನೇ ಕ್ಯಾಮೆರಾದವರಾಗಿ ಹೋಗಿ, ಸ್ವಯಂಸೇವಾ ಸಂಸ್ಥೆಗಳ ವಾರ್ಷಿಕ ವರದಿಗೆ, ಚಿಕ್ಕಪೇಟೆಯ ಅಂಗಡಿಗಳ ಸರಕಿನ ಚಿತ್ರಕ್ಕೆ ಒಪ್ಪಿಕೊಳ್ಳಿ. ಇದರಲ್ಲಿ ಕೀಳೇನೂ ಇಲ್ಲ. ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಕೆಲಸ ನಿಂತುಹೋಗುತ್ತದೆ. ಆ ಎರಡು ಅವಧಿಗೆ ಬೇಕಾದ ಖರ್ಚನ್ನು ಮೊದಲೇ ತೆಗೆದಿಟ್ಟರೆ, ನಿಮ್ಮ ವಿಷಯಕ್ಕೆ ಇಡೀ ದಿನ ಕೊಡುವ ತಿಂಗಳುಗಳೂ ಅವೇ.

ಜೊತೆಯವರ ಡಿಗ್ರಿಯ ನೋವು ಸುಳ್ಳಲ್ಲ. ಅವರಿಗೆ ಆರು ತಿಂಗಳಿಗೊಮ್ಮೆ ಅಂಕಪಟ್ಟಿ ಬರುತ್ತದೆ, ನಿಮಗೆ ಏನೂ ಬರುವುದಿಲ್ಲ. ನೀವೂ ಆರು ತಿಂಗಳಿಗೊಂದು ಗಡುವು ಇಟ್ಟುಕೊಳ್ಳಿ: ಹನ್ನೆರಡು ಚಿತ್ರ, ಐನೂರು ಪದ, ಒಬ್ಬ ಹಿರಿಯ ಛಾಯಾಗ್ರಾಹಕರ ಅಥವಾ ಪುರವಣಿ ಸಂಪಾದಕರ ಮುಂದೆ ಇಟ್ಟು ಅಭಿಪ್ರಾಯ ಕೇಳುವುದು.

ಪ್ರಶ್ನೆ: ನಲವತ್ತೈದು ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೋಬೇಕು. ಮದುವೆಗೂ ಆಗಬೇಕು, ಸುದ್ದಿಗೂ ಆಗಬೇಕು. ಏನೇನು ನೋಡ್ಬೇಕು? (ಪೀಣ್ಯ)

ಮದುವೆಗೆ ಹೋಗುವವರಿಗೆ ಎರಡು ಕಾರ್ಡ್ ಸ್ಲಾಟ್ ಇರುವ ಬಾಡಿಯೇ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬೇಕು. ಒಂದು ಕಾರ್ಡ್ ಕೆಟ್ಟರೆ ಧಾರೆಯ ಚಿತ್ರವನ್ನು ಮತ್ತೆ ತೆಗೆಯಲಾಗದು. ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಹಳೆಯ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗಳಲ್ಲಿ ನಿಕಾನ್ ಡಿ750ಕ್ಕೆ ಎರಡು ಸ್ಲಾಟ್ ಇದೆ, ಕ್ಯಾನನ್ 6ಡಿಗೆ ಒಂದೇ. ನಿಕಾನ್ ಡಿ600 ಅಗ್ಗಕ್ಕೆ ಸಿಕ್ಕರೂ ಹುಷಾರು. ಸೆನ್ಸರ್ ಮೇಲೆ ಎಣ್ಣೆ, ದೂಳಿನ ಚುಕ್ಕೆ ಬೀಳುವ ದೂರು ಅದರದ್ದು.

ಶಟರ್ ಎಷ್ಟು ಸಲ ಓಡಿದೆ ನೋಡಿ. ಡಿ750ರ ಶಟರ್‌ಗೆ ಕಂಪನಿ ಹೇಳಿರುವ ಆಯಸ್ಸು ಒಂದೂವರೆ ಲಕ್ಷ, 6ಡಿಗೆ ಒಂದು ಲಕ್ಷ. ನಿಕಾನ್‌ನಲ್ಲಿ ಆಗಷ್ಟೇ ತೆಗೆದ ಜೆಪೆಗ್ ಫೈಲಿನ ಎಕ್ಸಿಫ್ ಮಾಹಿತಿಯಲ್ಲೇ ಎಣಿಕೆ ಸಿಗುತ್ತದೆ. 6ಡಿಯಲ್ಲಿ ಹಾಗೆ ಸಿಗುವುದಿಲ್ಲ, ಯುಎಸ್‌ಬಿ ಮೂಲಕ ಸಾಫ್ಟ್‌ವೇರ್ ಹಾಕಿ ನೋಡಬೇಕು. ಸೆನ್ಸರ್ ನೋಡಲು ಎಫ್/16 ಇಟ್ಟು ಬಿಳಿ ಗೋಡೆ ಅಥವಾ ತೆರೆದ ಆಕಾಶದ ಚಿತ್ರ ತೆಗೆದು ದೊಡ್ಡದು ಮಾಡಿ. ಚುಕ್ಕೆ ಇದ್ದರೆ ಸ್ವಚ್ಛ ಮಾಡಿಸಬಹುದು, ಗೆರೆ ಇದ್ದರೆ ಬೇಡ. ಲೆನ್ಸ್‌ನ ಎರಡೂ ಕಡೆ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಅಂದರೆ ಬೂಷ್ಟು. ಮಾರುವವರು ‘ಒರೆಸಿದ್ರೆ ಹೋಗುತ್ತೆ’ ಎಂದರೂ ಬಿಟ್ಟು ಬನ್ನಿ. ಅದು ಗಾಜಿನ ಲೇಪವನ್ನೇ ತಿಂದಿರಬಹುದು. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯ ನಂಬರಿಗೆ ಹೊಂದಲೇಬೇಕು. ಬಿಲ್ ಇಲ್ಲದ್ದು ಕದ್ದ ಮಾಲೂ ಆಗಿರಬಹುದು.

ಎಲ್ಲ ದುಡ್ಡನ್ನೂ ಕ್ಯಾಮೆರಾ ಬಾಡಿಯ ಮೇಲೇ ಸುರಿಯಬೇಡಿ. ಒಂದು 35 ಎಂಎಂ ಅಥವಾ 50 ಎಂಎಂ ಎಫ್/1.8 ಲೆನ್ಸ್, ಎರಡು ಕಾರ್ಡ್, ಒಂದು ಹೆಚ್ಚಿನ ಬ್ಯಾಟರಿ, ಎರಡು ಹಾರ್ಡ್ ಡಿಸ್ಕ್ ಈ ಮೊತ್ತದಲ್ಲೇ ಬರಬೇಕು. ಬಾಡಿ ಅದಕ್ಕೆ ತಕ್ಕಂತೆ ಇಳಿಯಲಿ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟು ಬೀರುವಿಗೆ ಸೇರಿಸಿದರೆ ಫಂಗಸ್ ಖಂಡಿತ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಟ್ಟೆಯಲ್ಲಿ ಕಟ್ಟಿದ ತೇವ ಹೀರುವ ಕಾಲು ಕೆ.ಜಿ. ಸಿಲಿಕಾ ಜೆಲ್ ಹರಳು, ತೇವಾಂಶ ತೋರಿಸುವ ಪುಟ್ಟ ಮೀಟರ್ ಸಾಕು. ಮೀಟರ್ 40ರಿಂದ 50ರೊಳಗೆ ಇರಲಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆ ಬೇಡ, ಬೇರೆ ಪಾತ್ರೆ ಇಟ್ಟುಕೊಳ್ಳಿ.

ಪ್ರಶ್ನೆ: ಪತ್ರಿಕೆಗಳಿಗೆ ಚಿತ್ರ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ. ಅದೇ ಚಿತ್ರವನ್ನು ಒಂದು ಇನ್‌ಸ್ಟಾಗ್ರಾಂ ಪೇಜ್ ಕೇಳದೇ ಹಾಕಿಕೊಂಡಿತು. ಹಕ್ಕು ಯಾರದು? (ಕೆಂಗೇರಿ)

ಮೊದಲು ಕಳಿಸುವ ರೀತಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅದಕ್ಕಿಂತ ಇಮೇಲ್ ಒಳ್ಳೆಯದು. ಉದ್ದದ ಬದಿ 3000 ಪಿಕ್ಸೆಲ್, ಬಣ್ಣದ ಮಾದರಿ ಎಸ್‌ಆರ್‌ಜಿಬಿ, ಫೈಲ್ ಜೆಪೆಗ್. ಚಿತ್ರದ ಫೈಲಿನೊಳಗೇ ಇರುವ ಐಪಿಟಿಸಿ ಎಂಬ ಮಾಹಿತಿ ಅಂಕಣಗಳಲ್ಲಿ ಹೆಸರು, ಊರು, ದಿನಾಂಕ, ವಿವರ ತುಂಬಿ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು. ವಿವರವನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಬರೆದರೆ ಆಚೆ ತುದಿಯಲ್ಲಿ ಅರ್ಥವಿಲ್ಲದ ಗುರುತುಗಳ ಸಾಲು ಕಾಣುತ್ತದೆ. ಎಷ್ಟೋ ಒಳ್ಳೆಯ ಚಿತ್ರಗಳು ಹೀಗೇ ಮೂಲೆ ಸೇರುತ್ತವೆ.

‘ಹೂವಿನ ಲೋಕದಲ್ಲಿ ಬದುಕಿನ ಭಾರ’ ಎಂಬಂಥ ಶೀರ್ಷಿಕೆ ಡೆಸ್ಕಿನವರಿಗೆ ಉಪಯೋಗಕ್ಕೆ ಬಾರದು. ಹೀಗೆ ಬರೆಯಿರಿ: ‘ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನವಾದ ಗುರುವಾರ ನಸುಕಿನಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಸೇವಂತಿಗೆ ಮೂಟೆ ಹೊತ್ತು ಸಾಗಿದ ಹಮಾಲರು.’ ಎರಡನೇ ವಾಕ್ಯದಲ್ಲಿ ಹಿನ್ನೆಲೆ ಇರಲಿ: ಅವರ ಹೆಸರು, ಊರು, ಅಂದಿನ ಕೂಲಿ. ದಿನದ ಸುದ್ದಿಚಿತ್ರವಾದರೆ ಅದೇ ಸಂಜೆಯೊಳಗೆ ತಲುಪಬೇಕು, ಹಬ್ಬದ ಪುರವಣಿಗಾದರೆ ಎರಡು ಮೂರು ವಾರ ಮೊದಲೇ. ಒಂದೇ ಚಿತ್ರವನ್ನು ಒಂದೇ ದಿನ ಹಲವರಿಗೆ ಕಳಿಸಬೇಡಿ. ಇಬ್ಬರು ಒಟ್ಟಿಗೆ ಹಾಕಿಕೊಂಡರೆ ಮುಂದೆ ಇಬ್ಬರ ಬಾಗಿಲೂ ಮುಚ್ಚುತ್ತದೆ. ಗ್ರಾಮೀಣ ಬದುಕಿನ ದೀರ್ಘ ಚಿತ್ರಕಥನಗಳಿಗೆ ಪತ್ರಕರ್ತ ಪಿ. ಸಾಯಿನಾಥ್ ಅವರು 2014ರಲ್ಲಿ ಆರಂಭಿಸಿದ ‘ಪರಿ’ (ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ) ಜಾಲತಾಣವನ್ನು ಗಮನಿಸಿ. ಅದು ಕನ್ನಡದಲ್ಲೂ ಪ್ರಕಟಿಸುತ್ತದೆ.

ಚಿತ್ರದೊಳಗಿನ ವಸ್ತುವನ್ನು ತೆಗೆಯುವುದು, ಸೇರಿಸುವುದು ಬೇಡವೇ ಬೇಡ. 2014ರಲ್ಲಿ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್, ಪುಲಿಟ್ಜರ್ ಪ್ರಶಸ್ತಿ ಗೆದ್ದ ತಂಡದಲ್ಲಿದ್ದ ಫ್ರೀಲ್ಯಾನ್ಸರ್ ಒಬ್ಬರ ಸಂಬಂಧ ಕಡಿದುಕೊಂಡಿತು. ಸಿರಿಯಾದ ಒಂದು ಚಿತ್ರದ ಮೂಲೆಯಲ್ಲಿದ್ದ ವಿಡಿಯೊ ಕ್ಯಾಮೆರಾವನ್ನು ಅವರು ಅಳಿಸಿದ್ದರು. ಮರುವರ್ಷ ರಾಯಿಟರ್ಸ್, ಫ್ರೀಲ್ಯಾನ್ಸರ್‌ಗಳು ಕ್ಯಾಮೆರಾದಲ್ಲೇ ಜೆಪೆಗ್ ಆಗಿ ದಾಖಲಾದ ಚಿತ್ರವನ್ನಷ್ಟೇ ಕಳಿಸಬೇಕೆಂದು ನಿಯಮ ಮಾಡಿತು. ಆದ್ದರಿಂದ ಕ್ಯಾಮೆರಾ ಸಂಸ್ಕರಿಸದೆ ಕೊಡುವ ‘ರಾ’ ಫೈಲಿನ ಜೊತೆ ಜೆಪೆಗ್ ಕೂಡ ದಾಖಲಾಗುವಂತೆ ಇಡಿ.

ಹಕ್ಕಿನ ವಿಷಯಕ್ಕೆ ಬಂದರೆ, ನಿಮ್ಮ ಪಾಡಿಗೆ ನೀವು ತೆಗೆದ ಚಿತ್ರದ ಹಕ್ಕು ನಿಮ್ಮದೇ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಮೊದಲ ಹಕ್ಕುದಾರರು ಅವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಹುಡುಗರಿಗೆ ಇದು ಗೊತ್ತಿರುವುದೇ ಇಲ್ಲ. ಸಂಸ್ಥೆಗಳ ಕೆಲಸ ಒಪ್ಪಿಕೊಳ್ಳುವಾಗ ಇಮೇಲಿನಲ್ಲಿ ಒಂದು ಸಾಲು ಸೇರಿಸಿ, ಅವರಿಂದ ಒಪ್ಪಿಗೆಯ ಉತ್ತರ ಪಡೆಯಿರಿ: ‘ಚಿತ್ರಗಳ ಕೃತಿಸ್ವಾಮ್ಯ ಛಾಯಾಗ್ರಾಹಕರದು, ನಿಮ್ಮ ವಾರ್ಷಿಕ ವರದಿ ಮತ್ತು ಜಾಲತಾಣದಲ್ಲಿ ಎರಡು ವರ್ಷ ಬಳಸಲು ಅನುಮತಿ ಇದೆ.’ ಇನ್‌ಸ್ಟಾಗ್ರಾಂ ಪೇಜಿನ ಸ್ಕ್ರೀನ್‌ಶಾಟನ್ನು ಲಿಂಕ್, ದಿನಾಂಕದ ಸಮೇತ ಉಳಿಸಿ. ಮೊದಲು ಶುಲ್ಕದ ಬಿಲ್ ಕಳಿಸಿ. ಉತ್ತರ ಬಾರದಿದ್ದರೆ ಆ್ಯಪ್‌ನಲ್ಲೇ ಇರುವ ಕೃತಿಸ್ವಾಮ್ಯ ದೂರಿನ ಅರ್ಜಿ ತುಂಬಿ.

ಬಾಕಿ ಹಣಕ್ಕೂ ದಾರಿ ಇದೆ. ಸಣ್ಣ ಉದ್ಯಮಗಳಿಗಾಗಿ ಇರುವ ‘ಉದ್ಯಮ್’ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ, ದುಡ್ಡು ಕೇಳುವ ಏಜೆಂಟರು ಬೇಡ. ನೋಂದಾಯಿತ ಸಣ್ಣ ಉದ್ಯಮಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಅಚ್ಚಾಗಿರಲಿ.

ಪ್ರಶ್ನೆ: ಮಗ ಪಿಯುಸಿ ಮಧ್ಯದಲ್ಲೇ ಬಿಟ್ಟು ಕ್ಯಾಮೆರಾ ಹಿಡಿದಿದ್ದಾನೆ. ಬೈದರೆ ಮಾತೇ ಆಡಲ್ಲ. ಏನು ಮಾಡಲಿ? (ಒಬ್ಬ ತಾಯಿ, ರಾಜಾಜಿನಗರ)

ಅಮ್ಮಾ, ಕ್ಯಾಮೆರಾ ಬಿಡಿಸಬೇಡಿ, ಪಿಯುಸಿಯನ್ನು ಮಾತ್ರ ಮುಗಿಸುವಂತೆ ಒಪ್ಪಿಸಿ. ಫ್ರೀಲ್ಯಾನ್ಸ್ ಕೆಲಸಕ್ಕೆ ಯಾರೂ ಅಂಕಪಟ್ಟಿ ಕೇಳುವುದಿಲ್ಲ, ಆದರೆ ಪತ್ರಿಕೆಗಳ ಕಾಯಂ ಹುದ್ದೆಗೆ ಸಾಮಾನ್ಯವಾಗಿ ಕೇಳುತ್ತಾರೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ಮೂಲಕ ಕಾಲೇಜಿಗೆ ಹೋಗದೆ 12ನೇ ತರಗತಿ ಬರೆಯಬಹುದು, ಆಮೇಲೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಪದವಿ. ಕೆಲಸದ ಜೊತೆಗೇ ನಡೆಯುತ್ತದೆ. ಹದಿನೆಂಟು ತುಂಬಿದ್ದರೆ ಅವನ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ ಮಾಡಿಸಿ, ಬಂದದ್ದು ಹೋದದ್ದು ಬರೆಯಲಿ. ಸಂಸ್ಥೆಗಳು ಶೇ 10ರಷ್ಟು ತೆರಿಗೆಯನ್ನು ಮೊದಲೇ (ಟಿಡಿಎಸ್) ಹಿಡಿದುಕೊಂಡರೆ, ಆದಾಯ ತೆರಿಗೆ ಮಿತಿಯೊಳಗಿರುವಾಗ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ವಾರಕ್ಕೊಮ್ಮೆ ಅವನು ತೆಗೆದ ಚಿತ್ರಗಳನ್ನು ತೋರಿಸು ಎನ್ನಿ. ‘ಇವರು ಯಾರಪ್ಪ?’ ಎಂದು ಕೇಳಿ. ಮಾತು ಅಲ್ಲಿಂದ ಶುರುವಾಗಬಹುದು.

ಪ್ರಶ್ನೆ: ನಾನು ಹತ್ತೊಂಬತ್ತರ ಹುಡುಗಿ. ಮಕ್ಕಳ ಮುಖ ಹಾಕಬಹುದಾ? ಪೊಲೀಸರು ಅಳಿಸು ಅಂದರೆ ಏನು ಮಾಡಲಿ? (ಯಲಹಂಕ)

ಸಾಮಾನ್ಯ ಸಂದರ್ಭದಲ್ಲಿ ಮಕ್ಕಳ ಚಿತ್ರಕ್ಕೆ ತಂದೆ ತಾಯಿಯನ್ನು ಕೇಳಿ. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಮಾತ್ರ ಕೇಳುವ ಪ್ರಶ್ನೆಯೇ ಇಲ್ಲ. ಮಕ್ಕಳನ್ನು ಇಂಥ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಸೆಕ್ಷನ್ 23ರಂತೆ ಮಗುವಿನ ಹೆಸರು, ಮುಖ, ವಿಳಾಸ, ಶಾಲೆ, ಕುಟುಂಬ, ನೆರೆಹೊರೆ ಯಾವುದೂ ಗೊತ್ತಾಗಬಾರದು. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ದೊಡ್ಡವರ ಪ್ರಕರಣಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72 ಇದೆ. ಮುಖ ಮಸುಕು ಮಾಡಿ ಮನೆಯ ಬಾಗಿಲು, ತಾಯಿಯ ಸೀರೆ, ಬೀದಿಯ ಬೋರ್ಡು ಹಾಗೇ ಬಿಡುವುದು ಎಲ್ಲರೂ ಮಾಡುವ ತಪ್ಪು. ಓಣಿಯವರಿಗೆ ಅಷ್ಟೇ ಸಾಕು.

ಮೆಟ್ರೊ ನಿಲ್ದಾಣ, ನ್ಯಾಯಾಲಯದ ಆವರಣ, ವಿಧಾನಸೌಧದ ಒಳಗೆ ಅನುಮತಿ ಇಲ್ಲದೆ ಕ್ಯಾಮೆರಾ ತೆಗೆಯಬೇಡಿ. ಯಲಹಂಕದಲ್ಲಿ ವಾಯುನೆಲೆ ಇರುವುದರಿಂದ ಡ್ರೋನ್ ಯೋಚನೆಯನ್ನೇ ಬಿಡಿ. ಪ್ರತಿಭಟನೆಯಲ್ಲಿ ಪೊಲೀಸರ ಸಾಲು ಮತ್ತು ಜನರ ನಡುವೆ ನಿಲ್ಲಬೇಡಿ. ಪಕ್ಕದಲ್ಲಿ, ಹಿಂದಕ್ಕೆ ಸರಿಯಲು ದಾರಿ ಇರುವ ಕಡೆ ನಿಲ್ಲಿ. ಮನೆಯ ಫೋನ್ ನಂಬರನ್ನು ತೋಳಿನ ಮೇಲೆ ಪೆನ್ನಿನಲ್ಲಿ ಬರೆದಿರಿ, ಎಲ್ಲಿದ್ದೀರಿ ಎಂಬುದು ಒಬ್ಬರಿಗಾದರೂ ಗೊತ್ತಿರಲಿ. ಸರ್ಕಾರದ ಮಾನ್ಯತಾ ಕಾರ್ಡ್ ಹೊಸಬರಿಗೆ ತಕ್ಷಣ ಸಿಗುವುದಿಲ್ಲ. ಚಿತ್ರ ತರಿಸಿಕೊಳ್ಳುವ ಸಂಪಾದಕರಿಂದ ಆ ದಿನಾಂಕದ ಒಂದು ಪತ್ರ ಅಥವಾ ಇಮೇಲ್ ಪಡೆದು ಪ್ರಿಂಟ್ ಇಟ್ಟುಕೊಳ್ಳಿ, ಅದು ಬಹಳ ಸಲ ಸಾಕಾಗುತ್ತದೆ.

ಅಳಿಸು ಎಂದರೆ ದನಿ ಏರಿಸದೆ, ‘ಸರ್, ಲಿಖಿತವಾಗಿ ಕೊಡಿ, ಸಂಪಾದಕರ ಜೊತೆ ಮಾತಾಡಿ’ ಎನ್ನಿ. ಗದ್ದಲ ಬೆಳೆಯುವಂತಿದ್ದರೆ ಎದುರು ನಿಲ್ಲಬೇಡಿ, ಅಳಿಸಿಬಿಡಿ. ಆದರೆ ಆ ಕಾರ್ಡಿನಲ್ಲಿ ಅಲ್ಲಿಂದ ಮುಂದೆ ಒಂದು ಚಿತ್ರವನ್ನೂ ತೆಗೆಯಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಹೊರತೆಗೆದು ಜೇಬಿಗೆ ಹಾಕಿ, ಎರಡನೇ ಕಾರ್ಡ್ ಹಾಕಿಕೊಂಡು ಕೆಲಸ ಮುಂದುವರಿಸಿ. ಅಳಿಸಿದ ಚಿತ್ರದ ಮೇಲೆ ಹೊಸದು ಬರೆಯುವವರೆಗೆ ಹಳೆಯದು ಕಾರ್ಡಿನಲ್ಲೇ ಉಳಿದಿರುತ್ತದೆ. ಮನೆಗೆ ಬಂದು ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿ, ಮರಳಿ ಬಂದ ಚಿತ್ರಗಳನ್ನು ಅದೇ ಕಾರ್ಡಿಗಲ್ಲದೆ ಹಾರ್ಡ್ ಡಿಸ್ಕಿಗೆ ಉಳಿಸಿ.